ಗಾಜು ಏರದ ಬಾಗಿಲು

ಮುಂಬಯಿಯ ಮಾಟುಂಗದಲ್ಲಿ ಹಳೇ ಕಾರು ಸಾಕಿದವನಿಗೆ ನಿಲ್ಲಿಸುವ ಜಾಗಕ್ಕೆ ಬರ, ಸಲಹೆಗಲ್ಲ. ನನ್ನದು ತೊಂಬತ್ತರ ದಶಕದ ಗಾಡಿ. ಕಂಪನಿಯ ಹೆಸರು ಬೇಡ, ಪಾಪ, ವಯಸ್ಸಾಗಿದ್ದಕ್ಕೆ ಅವರೇನು ಮಾಡಿಯಾರು? ಗುಂಡಿ ಒತ್ತಿದರೆ ಗಾಜು ಇಳಿಯುವ ಸಂಗತಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ 1940ರಲ್ಲೇ ಇತ್ತು. ನಮ್ಮ ಬಿಲ್ಡಿಂಗಿಗೆ ಬಂದದ್ದು ಈ ಕಾರಿನ ಜೊತೆಗೆ. ಆಗ ಗಾಜು ಇಳಿಯುವುದನ್ನು ನೋಡಲು ಮಕ್ಕಳು ಸೇರುತ್ತಿದ್ದರು. ಈಗ ದೊಡ್ಡವರೂ ಸೇರುತ್ತಾರೆ, ಇಳಿದದ್ದು ಮತ್ತೆ ಏರುತ್ತದೋ ಇಲ್ಲವೋ ಅಂತ.

ಕೈಕೊಟ್ಟದ್ದು ಡ್ರೈವರ್ ಪಕ್ಕದ ಗಾಜು, ಅದೂ ಜೂನ್‌ನ ಮೊದಲ ಮಳೆಗೆ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಎದುರು. ಅಲ್ಲಿ ಮೋಡ ಕಂಡರೆ ಸಾಕು, ನೀರು ನಿಲ್ಲುತ್ತದೆ. ಪಕ್ಕದಲ್ಲಿ ಹೋದ ಬೆಸ್ಟ್ ಬಸ್ಸು ಅರ್ಧ ಕಿಂಗ್ಸ್ ಸರ್ಕಲ್ ಅನ್ನು ನನ್ನ ಮಡಿಲಿಗೆ ಹಾಕಿತು.

"ಮೋಟರ್ ಹೋಗಿದೆ ಮಾರಾಯ್ರೇ, ಕುರ್ಲಾದಿಂದ ಒಂದು ತನ್ನಿ" ಎಂದರು ಎರಡನೇ ಮಾಳಿಗೆಯ ಶೆಟ್ರು. ಹೋಟೆಲು ನಡೆಸಿದವರು, ಮಿಕ್ಸರ್ ಕೆಟ್ಟರೂ ಅವರ ತೀರ್ಪು ಅದೇ. ರಾಯರದು ಫ್ಯೂಸ್ ಪಕ್ಷ. ಆದರೆ ಫ್ಯೂಸ್ ಹೋಗಿದ್ದರೆ ಅದೇ ಫ್ಯೂಸಿಗೆ ಸೇರಿದ ಆಚೆ ಬದಿಯ ಗಾಜೂ ನಿಲ್ಲಬೇಕಿತ್ತು. ಅದು ಜುಮ್ಮೆಂದು ಏರಿಳಿಯುತ್ತಿತ್ತು. ಸ್ವಿಚ್ ಇರಬಹುದೇ? ನನ್ನ ಕಾರಿನ ಗುಂಡಿಗಳು ಗೇರಿನ ಪಕ್ಕದಲ್ಲಿವೆ. ಕಿತ್ತು ಅದಲುಬದಲು ಮಾಡಿದೆ. ಸ್ವಿಚ್ ನಿರಪರಾಧಿ. ಗಾಜು ಜಾರುವ ರಬ್ಬರ್ ಒಣಗಿ ಬಿಗಿಯಾದರೂ ಮೋಟರ್ ಕಾದು ತಾನೇ ನಿಂತುಬಿಡುತ್ತದೆ ಎಂದು ಸಿಲಿಕೋನ್ ಸ್ಪ್ರೇ ಹೊಡೆದೆ. ಕಾರಿಗೆ ಘಮ ಬಂತು, ಗಾಜು ಬರಲಿಲ್ಲ. ಕೊನೆಗೆ ಗುಂಡಿ ಒತ್ತಿ ಹಿಡಿದು ಬಾಗಿಲಿಗೆ ಗುದ್ದುವ ಪುರಾತನ ಚಿಕಿತ್ಸೆ. ನಾಲ್ಕು ಬೆರಳು ಏರಿತು! ಅಲ್ಲಿಗೆ ಮೋಟರ್ ಪೂರ್ತಿ ಸತ್ತಿಲ್ಲ ಎಂದಾಯಿತು, ಆದರೆ ಸವೆದ ಮೋಟರೂ ಗುದ್ದಿಗೆ ಓಗೊಡುತ್ತದೆ. ಹಾಗಾಗಿ ಶೆಟ್ರು ಪಟ್ಟು ಬಿಡಲಿಲ್ಲ.

ನನ್ನವಳಿಗೆ ಇದ್ಯಾವುದರ ಚಿಂತೆಯಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ, ಗಾಜು ಇಳಿಯದೆ, ಬಾಗಿಲು ತೆರೆಯದೆ ಕಾರಿನೊಳಗೇ ಸಿಕ್ಕಿ ಸತ್ತವರಿದ್ದಾರೆ. ಅಂದಿನಿಂದ ಅವಳು ನಮ್ಮ ಕಾರಿನಲ್ಲಿ ಒಂದು ಸುತ್ತಿಗೆ ಇಟ್ಟಿದ್ದಾಳೆ. "ಮುಚ್ಚದ ಗಾಜು ಒಳ್ಳೇದೇ ಅಲ್ವೇನ್ರೀ?" ಎಂದು ತನ್ನ ಪಕ್ಕದ ಗಾಜನ್ನು ಪೂರ್ತಿ ಏರಿಸಿ ಕೂತಳು.

ಗುಟ್ಟು ಬಿಟ್ಟುಕೊಟ್ಟದ್ದು ಬಾಗಿಲೇ. ಅರ್ಧ ತೆರೆದು ಗುಂಡಿ ಒತ್ತಿದರೆ ಗಾಜು ಏರುತ್ತದೆ, ಮುಚ್ಚಿದರೆ ಇಲ್ಲ! ಹಾಗಾಗಿ ಸಿಗ್ನಲ್ ಸಿಗ್ನಲ್ಲಿಗೂ ಬಾಗಿಲು ತೆರೆದು ಗಾಜು ಏರಿಸಿದೆ. ದಾದರ್ ಟೀಟಿಯಲ್ಲಿ ಸ್ಕೂಟರಿನವನೊಬ್ಬ ನಾನು ಇಳಿದು ಜಗಳಕ್ಕೇ ಬರುತ್ತಿದ್ದೇನೆಂದು ತಿಳಿದು ಹೆಲ್ಮೆಟ್ ತೆಗೆದು ತಯಾರಾದ.

ಕುರ್ಲಾದ ಸಿಎಸ್‌ಟಿ ರಸ್ತೆಯ ವಯರಿಂಗ್ ಹುಡುಗನಿಗೆ ಇಷ್ಟು ಹೇಳಿದ್ದೇ ಸಾಕಾಯಿತು. ಬಾಗಿಲಿಗೂ ಬಾಡಿಗೂ ನಡುವೆ, ಕೀಲಿನ ಹತ್ತಿರ, ಮಡಿಕೆಮಡಿಕೆಯ ರಬ್ಬರ್ ಕೊಳವೆಯೊಂದಿದೆ. ವಯರುಗಳು ಅದರೊಳಗೆ ಹಾದುಹೋಗುತ್ತವೆ, ಬಾಗಿಲು ತೆರೆದಾಗಲೆಲ್ಲ ಬಾಗುತ್ತವೆ. ಆತ ಕೊಳವೆ ಸರಿಸಿ ಒಂದೊಂದೇ ವಯರನ್ನು ಉಗುರಿನಿಂದ ಎಳೆದು ನೋಡಿದ. ಒಂದು ಮಾತ್ರ ಮೆತ್ತಗೆ ಹಿಗ್ಗಿತು. ಮೇಲಿನ ಪ್ಲಾಸ್ಟಿಕ್ ನೆಟ್ಟಗಿದೆ, ಒಳಗಿನ ತಾಮ್ರ ತುಂಡಾಗಿ ಹಸಿರುಗಟ್ಟಿದೆ. ಮೋಟರಿಗೆ ಹೋಗುವ ಇನ್ನೊಂದು ವಯರೂ ಹಣ್ಣಾಗಿತ್ತು. ಎರಡನ್ನೂ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿದ.

ಗುಂಡಿಯನ್ನು ಮೇಲಕ್ಕೆ ಒತ್ತಿದೆ. ಗಾಜು ಸರ್ರನೆ ಕೆಳಗಿಳಿಯಿತು. ಕೆಳಕ್ಕೆ ಒತ್ತಿದೆ, ಏರಿತು. ಈ ಮೋಟರಿಗೆ ಇರುವುದೇ ಎರಡು ವಯರು. ಕರೆಂಟು ಬರುವ ದಿಕ್ಕು ತಿರುಗಿದರೆ ಗಾಜಿನ ದಿಕ್ಕೂ ತಿರುಗುತ್ತದೆ. ಹುಡುಗ ಎರಡನ್ನೂ ಉಲ್ಟಾ ಸೇರಿಸಿದ್ದ. ಅಷ್ಟರಲ್ಲಿ ಟೇಪು ಸುತ್ತಿಯಾಗಿತ್ತು, ಹೊರಗೆ ಮಳೆ ಹೊಡೆಯುತ್ತಿತ್ತು. "ಆದತ್ ಹೋ ಜಾಯೇಗೀ, ಸಾಬ್" ಎಂದು ಕೈ ಒರೆಸಿಕೊಂಡ.

ಆಯಿತು ಕೂಡ. ಮನೆಯವರೆಲ್ಲ ಬೇಗನೆ ಹೊಂದಿಕೊಂಡೆವು. ತೊಂದರೆಯಾಗಿರುವುದು ಮಗನಿಗೆ. ಡ್ರೈವಿಂಗ್ ಕಲಿತದ್ದು ಇದರಲ್ಲಿ, ಈಗ ಓಡಿಸುವುದು ಆಫೀಸು ಕೊಟ್ಟ ಹೊಸ ಕಾರು. ಹನಿ ಬಿದ್ದ ಕೂಡಲೇ ತನ್ನ ಪಕ್ಕದ ಗಾಜನ್ನು ಪೂರ್ತಿ ಇಳಿಸಿಬಿಡುತ್ತಾನೆ.