ಹಡಿಮಂಚದ ಮೇಲೆ ಮದುಮಕ್ಕಳು

ಮೊನ್ನೆ ಅಕ್ಕನ ಮಗಳ ಆರತಕ್ಷತೆ ಇತ್ತು. ಉಡುಪಿಯಿಂದ ಕುಂದಾಪುರದ ಕಡೆ ಹೋಗುವಾಗ ಹೆದ್ದಾರಿ ಬದಿಯಲ್ಲಿ ಹೊಸದಾಗಿ ಎದ್ದ ಹಾಲ್. ಎಸಿ ಉಂಟು, ಲಿಫ್ಟ್ ಉಂಟು, ಕಾರು ನಿಲ್ಲಿಸಲು ಒಂದು ಗದ್ದೆಯಷ್ಟು ಜಾಗ ಉಂಟು. ಮೊದಲು ಅದು ಗದ್ದೆಯೇ ಆಗಿತ್ತು ಬಿಡಿ.

ಒಳಗೆ ಕಾಲಿಟ್ಟ ಕೂಡಲೇ ಎಡಗಡೆ ‘ಹೆರಿಟೇಜ್ ಕಾರ್ನರ್’. ಗೋಡೆ ತುಂಬ ನೊಗ, ನೇಗಿಲು, ಮಳೆಗೆ ಹೊದೆಯುವ ಗೊರಬು, ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ. ಕೆಳಗೆ ಹಿತ್ತಾಳೆ, ತಾಮ್ರ, ಮರದ ಸಾಮಾನು. ಪ್ರತಿಯೊಂದಕ್ಕೂ ಬಂಗಾರದ ಬಣ್ಣದ ಒಂದು ಚೀಟಿ. ಚೀಟಿಯಲ್ಲಿ ಹೆಸರು ಮತ್ತು ಎರಡು ಸಾಲು ವಿವರ. ನಾನು ಸುಮ್ನೆ ಓದುತ್ತಾ ಹೋದೆ. ಮೂರನೇ ಚೀಟಿಗೆ ಬರುವಷ್ಟರಲ್ಲಿ ಊಟದ ಹಸಿವು ಹೋಗಿತ್ತು.

ಸಾಮಾನು ತೂಗುಹಾಕುವ ಈ ಹುಚ್ಚು ನಮ್ಮ ಕರಾವಳಿಗೆ ಬಂದು ಕೆಲವು ವರ್ಷ ಆಯಿತು. ಮೊದಲು ಹೋಮ್‌ಸ್ಟೇಗಳಿಗೆ ಬಂತು. ಆಮೇಲೆ ಮೀನೂಟದ ಹೋಟೆಲಿಗೆ, ಚಿನ್ನದ ಅಂಗಡಿಗೆ, ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರಕ್ಕೂ. ಮಂಗಳೂರಿನ ಒಂದು ಕ್ಲಿನಿಕ್ಕಿನ ಗೋಡೆಯಲ್ಲಿ ಅಡಕತ್ತರಿಗಳನ್ನು ಸಾಲಾಗಿ ನೇತುಹಾಕಿದ್ದಾರೆ, ಚಿಕ್ಕದರಿಂದ ದೊಡ್ಡದರವರೆಗೆ. ನಾನು ಕಾದು ಕೂತಿದ್ದಾಗ ಒಬ್ಬ ಹುಡುಗ ಅದನ್ನು ನೋಡಿ ‘ಅಮ್ಮ, ನನಗೆ ಯಾವ ಸೈಜಿನದು?’ ಅಂತ ಕೇಳಿ ಅಳಲು ಶುರು ಮಾಡಿದ.

ಇವೆಲ್ಲ ಎಲ್ಲಿಂದ ಬಂದವು ಅಂತ ಕೇಳಬೇಡಿ. ನಮ್ಮ ಅಟ್ಟದಿಂದಲೇ. ಸ್ಟೀಲ್ ಪಾತ್ರೆ ಬಂದಾಗ ತಾಮ್ರವನ್ನು, ಟಿಲ್ಲರ್ ಬಂದಾಗ ನೇಗಿಲನ್ನು, ಮಿಕ್ಸಿ ಬಂದಾಗ ಕಡೆಯುವ ಕಲ್ಲನ್ನು ಹೊರಗೆ ಹಾಕಿದವರು ನಾವೇ. ಗುಜರಿಯವನು ತೂಕಕ್ಕೆ ಹಾಕಿ ಒಯ್ದ. ಈಗ ಅದೇ ಸಾಮಾನು ಪಾಲಿಶ್ ಆಗಿ, ಹಿಂದಿನಿಂದ ಹಳದಿ ಲೈಟ್ ಬಿದ್ದು, ನಮ್ಮನ್ನೇ ಗುರುತು ಸಿಗದವರ ಹಾಗೆ ನೋಡುತ್ತದೆ. ನಾವೂ ಹಾಗೆಯೇ ನೋಡುತ್ತೇವೆ.

ಈ ಚೀಟಿ ಬರೆಯುವವರಿಗೆ ಒಂದು ಕ್ರಮ ಉಂಟು. ಗುರುತು ಸಿಗದ ಸಾಮಾನು ಕಬ್ಬಿಣದ್ದಾದರೆ ಸೈನಿಕರದ್ದು. ಹಿತ್ತಾಳೆಯದ್ದಾದರೆ ರಾಣಿಯದ್ದು. ಮರದ್ದಾದರೆ ಋಷಿಗಳದ್ದು. ರೈತ, ಅಡುಗೆಯವಳು, ಕಳ್ಳು ಇಳಿಸುವ ಮೂರ್ತೆಯವನು, ಬೆಸ್ತ ಯಾರೂ ಈ ಕರಾವಳಿಯಲ್ಲಿ ಹುಟ್ಟಿಯೇ ಇಲ್ಲ. ಇಷ್ಟು ರಾಜರು, ಇಷ್ಟು ರಾಣಿಯರು ಇದ್ದಿದ್ದರೆ ಅವರಿಗೆ ಗಂಜಿ ಬೇಯಿಸಿದ್ದು ಯಾರು ಅಂತ ಒಂದು ಚೀಟಿಯಾದರೂ ಹೇಳಬೇಕಿತ್ತು.

ಉದಾಹರಣೆಗೆ, ಆ ಗೋಡೆಯ ಮೊದಲ ಚೀಟಿ: ‘ಸೈನಿಕರ ಬಾಗುಕತ್ತಿ’. ಇದ್ದದ್ದು ಮೆಟ್ಟುಕತ್ತಿ. ಮರದ ಮಣೆಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿದು, ಮೇಲೆ ಎದ್ದು ನಿಂತ ಅಲಗಿಗೆ ತರಕಾರಿಯನ್ನು ಒತ್ತುವುದು. ಇಲ್ಲಿ ಕತ್ತಿ ಅಲ್ಲಾಡುವುದಿಲ್ಲ, ಸೌತೆಕಾಯಿ ಅಲ್ಲಾಡುತ್ತದೆ. ಇದನ್ನು ಹಿಡಿದು ಯುದ್ಧಕ್ಕೆ ಹೋದ ಸೈನಿಕ ರಣರಂಗದ ಮಧ್ಯೆ ಕುಕ್ಕರಗಾಲಲ್ಲಿ ಕೂತು, ಕಾಲಿನಲ್ಲಿ ಮಣೆ ಒತ್ತಿ, ‘ಬನ್ನಿ ಮಾರ್ರೆ, ಸ್ವಲ್ಪ ಕುತ್ತಿಗೆ ಇದಕ್ಕೆ ತಾಗಿಸಿ’ ಅಂತ ಶತ್ರುವಿನ ಹತ್ತಿರವೇ ಬೇಡಿಕೊಳ್ಳಬೇಕಾಗುತ್ತಿತ್ತು.

ಎರಡನೆಯದು ‘ಪ್ರಾಚೀನ ಮೊಟ್ಟೆ ಸಂಗ್ರಾಹಕ’. ಎರಡು ಸಾಲು, ಸಾಲಿಗೆ ಏಳು ಗುಳಿ, ಒಟ್ಟು 14. ನಮ್ಮ ಚೆನ್ನೆಮಣೆ! ಗುಳಿಗೆ ನಾಲ್ಕರಂತೆ 56 ಕಾಯಿ ತುಂಬಿ, ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲಾಗದೆ ಕೂತವರು ಆಡುತ್ತಿದ್ದ ಆಟ. ಆ ಗುಳಿಯಲ್ಲಿ ಕೋಳಿಮೊಟ್ಟೆ ನಿಲ್ಲಬೇಕಾದರೆ ಕೋಳಿ ಗುಬ್ಬಿಯಷ್ಟಿರಬೇಕು. ಪಕ್ಕದಲ್ಲಿದ್ದ ಒಬ್ಬ ಕಾಲೇಜು ಹುಡುಗನಿಗೂ ಅನುಮಾನ ಬಂತು. ಮೊಬೈಲ್ ತೆಗೆದು ಫೋಟೊ ಹೊಡೆದು ಹುಡುಕಿದ. ‘ಮಂಕಾಲ, ಆಫ್ರಿಕಾ’ ಅಂತ ಬಂತು. ನಗಬೇಡಿ. ಮಂಕಾಲ ಅಂದರೆ ಗುಳಿಯಲ್ಲಿ ಕಾಯಿ ಹಂಚುತ್ತಾ ಹೋಗುವ ಆಟಗಳ ದೊಡ್ಡ ಕುಟುಂಬ, ನಮ್ಮ ಚೆನ್ನೆಯೂ ಅದೇ ಕುಟುಂಬದ್ದು. ಸಾವಿರಾರು ಮೈಲಿ ಆಚೆ ಇರುವ ಕಂಪ್ಯೂಟರಿಗೆ ಇದು ಆಟ ಅಂತ ಗೊತ್ತಾಯಿತು. ನಮ್ಮ ಹಾಲ್‌ನವರಿಗೆ ಆಮ್ಲೆಟ್ ನೆನಪಾಯಿತು.

ನಮ್ಮ ಜೊತೆ ದೊಡ್ಡಮ್ಮ ಬಂದಿದ್ದರು. ಎಂಬತ್ತು ದಾಟಿದ ಜೀವ, ಮಂಡಿನೋವು, ಆದರೆ ಕಣ್ಣು ಚುರುಕು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ವೇದಿಕೆ ನೋಡಿದ ಕೂಡಲೇ ನಿಂತುಬಿಟ್ಟರು.

‘ಅಯ್ಯೋ ದೇವರೇ, ಮಕ್ಕಳನ್ನು ಎಂತದರ ಮೇಲೆ ಕೂರಿಸಿದ್ದಾರೆ ಮಾರಾಯ?’

ನೋಡಿದೆ. ಮದುಮಕ್ಕಳು ಹಡಿಮಂಚದ ಮೇಲೆ ಕೂತಿದ್ದರು. ತುಳುವರು ಪಡಿಮಂಚ ಅನ್ನುತ್ತಾರಲ್ಲ, ಅದೇ. ನಡುನಡುವೆ ಸಂದು ಬಿಟ್ಟು ಪಟ್ಟಿ ಜೋಡಿಸಿದ್ದು. ಕೊಯ್ಲಿನ ಹೊತ್ತಿಗೆ ಭತ್ತದ ಸೂಡಿಯನ್ನು ಎರಡೂ ಕೈಯಲ್ಲಿ ಎತ್ತಿ ಇದರ ಮೇಲೆ ಬಡಿದರೆ ಕಾಳು ಸಂದಿನಿಂದ ಕೆಳಗೆ ಬೀಳುತ್ತದೆ, ಹುಲ್ಲು ಕೈಯಲ್ಲಿ ಉಳಿಯುತ್ತದೆ. ಹೆಸರಿನಲ್ಲಿ ಮಂಚ ಇದ್ದದ್ದೇ ತಪ್ಪಾಯಿತು. ಮೇಲೆ ಕೆಂಪು ವೆಲ್ವೆಟ್ ಹಾಸಿ, ಎರಡು ದಿಂಬಿಟ್ಟು, ಕೆಳಗೆ ಚೀಟಿ ಅಂಟಿಸಿದ್ದರು: ‘ಅರಸರ ವಿಶ್ರಾಂತಿ ಮಂಚ’.

‘ಸಾವಿರ ಸಲ ಬಡಿದಿದ್ದೇನೆ ಇದಕ್ಕೆ’ ಅಂದರು ದೊಡ್ಡಮ್ಮ. ‘ಒಂದು ದಿನ ಕೂರಲಿಕ್ಕೆ ಬಿಡಲಿಲ್ಲ.’

ಮದುಮಗಳು ಆಗಾಗ ಈ ಬದಿಯಿಂದ ಆ ಬದಿಗೆ ಸರಿಯುತ್ತಿದ್ದಳು. ನಾಚಿಕೆ ಅಂತ ಎಲ್ಲರೂ ತಿಳಿದುಕೊಂಡರು. ಪಟ್ಟಿ ಒತ್ತುತ್ತಿತ್ತು ಅಂತ ಆಮೇಲೆ ಹೇಳಿದಳು.

ವೇದಿಕೆಯ ಎರಡೂ ಬದಿಗೆ ಎರಡು ಅಕ್ಕಿಮುಡಿ, ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಕಟ್ಟುತ್ತಿದ್ದರಲ್ಲ, ಅದು. ಹುರಿ ಬಿಗಿದು, ದುಂಡಗೆ, ನೋಡಲು ಚಂದ. ದೊಡ್ಡಮ್ಮ ಹೋಗಿ ಬೆರಳಲ್ಲಿ ತಟ್ಟಿ ನೋಡಿದರು. ಟೊಪ್ ಅಂತ ಸದ್ದು ಬಂತು. ಒಳಗೆ ಥರ್ಮಾಕೋಲ್. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ, ಅಂದರೆ 42 ಸೇರು ಅಕ್ಕಿ. ಆ ಲೆಕ್ಕದಲ್ಲಿ ಈ ಹಳೆ ಹೆಂಗಸು ಗೇಣಿ ಅಳೆದದ್ದು, ಸಾಲ ತೀರಿಸಿದ್ದು, ಮಕ್ಕಳ ಹೊಟ್ಟೆ ತುಂಬಿಸಿದ್ದು ಎಲ್ಲ ಉಂಟು. ಅವರು ಏನೂ ಹೇಳಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡರು. ಅಳೆಯುವ ಕಳಸಿಗೆಯೂ ಅಲ್ಲೇ ಇತ್ತು, ‘ರಾಜನರ್ತಕಿಯ ತಾಳವಾದ್ಯ’ ಅಂತ ಚೀಟಿ ಹಚ್ಚಿಕೊಂಡು. ಮಕ್ಕಳು ಅದನ್ನು ಬಡಿಯುತ್ತಿದ್ದರು.

ಹಂಚಿನ ಕಥೆ ಬೇರೆ. ಒಂದು ಹಳೆ ಮಂಗಳೂರು ಹಂಚಿಗೆ ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ. ಹಂಚಿನ ಮೇಲೆ 1865 ಅಂತ ಒತ್ತಿದೆ, ಹಾಗಾಗಿ ಚೀಟಿಯಲ್ಲಿ ‘1865ರ ಹಂಚು’. ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಸಾಹೇಬರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು, ನಿಜ. ಆದರೆ ಕಾರ್ಖಾನೆ ಹುಟ್ಟಿದ ವರ್ಷವನ್ನು ಹಂಚಿನ ಮೇಲೆ ಒತ್ತುವುದು ವ್ಯಾಪಾರದ ರೂಢಿ. ಹೋಟೆಲಿನ ಬೋರ್ಡಿನಲ್ಲಿ ‘ಸ್ಥಾಪನೆ 1950’ ಅಂತ ಇದ್ದರೆ ನಿಮ್ಮ ಪ್ಲೇಟಿಗೆ ಬಂದ ಇಡ್ಲಿ 1950ರದ್ದು ಆಗುತ್ತದಾ? ಆಗದಿರಲಿ ಅಂತ ನನ್ನ ಪ್ರಾರ್ಥನೆ.

ಗ್ಯಾಸ್‌ಲೈಟಿನ ಹತ್ತಿರ ಮಾತ್ರ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಪೆಟ್ರೋಮ್ಯಾಕ್ಸ್. ಒಳಗೆ ಎಲ್ಇಡಿ ಬಲ್ಬು ಸಿಕ್ಕಿಸಿ ವಯರು ಎಳೆದಿದ್ದಾರೆ. ಒಬ್ಬ ಹುಡುಗ ಪಂಪಿನ ಗುಂಡಿಯನ್ನು ಒತ್ತಿ ಒತ್ತಿ ನೋಡಿದ, ಲೈಟ್ ಆರಲಿಲ್ಲ. ‘ಸ್ವಿಚ್ ಹಾಳಾಗಿದೆ’ ಅಂತ ಹೇಳಿ ಹೋದ. ಅದನ್ನು ಹಚ್ಚುವ ಕೆಲಸ ನೋಡಿದವರಿಗೆ ಗೊತ್ತು. ಮೊದಲು ಸ್ಪಿರಿಟ್ ಹಾಕಿ ಬಿಸಿ ಮಾಡಬೇಕು. ಆಮೇಲೆ ಗಾಳಿ ಹೊಡೆಯಬೇಕು. ರೇಷ್ಮೆ ಚೀಲದ ಹಾಗಿರುವ ಮ್ಯಾಂಟಲ್ ಒಂದು ಸಲ ಉರಿದರೆ ಬರೀ ಬೂದಿಯ ಬಲೆ, ಉಗುರು ತಾಗಿದರೂ ಪುಡಿ. ಯಕ್ಷಗಾನದಲ್ಲಿ ಕರ್ಣನೂ ಅರ್ಜುನನೂ ಬಿಲ್ಲು ಎತ್ತಿ ನಿಂತಿರುವಾಗ ಲೈಟ್ ಮಂಕಾಗುತ್ತಿತ್ತು. ಆಗ ಪಂಚೆ ಮೇಲೆ ಕಟ್ಟಿದ ಒಬ್ಬರು ರಂಗಸ್ಥಳಕ್ಕೆ ಬಂದು ಕುರುಕ್ಷೇತ್ರದ ಮಧ್ಯೆಯೇ ಹತ್ತು ಸಲ ಪಂಪ್ ಹೊಡೆದು ಹೋಗುತ್ತಿದ್ದರು. ಕರ್ಣ ಕಾಯುತ್ತಿದ್ದ. ಕಾಯದೆ ಎಂತ ಮಾಡುವುದು, ಕತ್ತಲಲ್ಲಿ ಬಾಣ ಬಿಡಲಾಗುತ್ತದಾ? ಇಲ್ಲಿನ ಚೀಟಿಯಲ್ಲಿ ಅದು ‘ವಿಂಟೇಜ್ ಲ್ಯಾಂಪ್’. ಇದೊಂದರ ಹೆಸರು ತಪ್ಪಾಗಿರಲಿಲ್ಲ, ಹಾಗಾಗಿ ಬಿಟ್ಟುಬಿಡೋಣ.

ಇನ್ನೊಂದು ಸಾಮಾನು ಇತ್ತು. ಗಾಜಿನ ಕೆಳಗೆ, ನೀಲಿ ಮಖಮಲ್ಲಿನ ಮೇಲೆ, ಇಸ್ಪೀಟ್ ಎಲೆಗಿಂತ ಚಿಕ್ಕ ಒಂದು ತಗಡಿನ ತುಂಡು. ಚೀಟಿಯಲ್ಲಿ ‘ರಾಜಮುದ್ರೆ (ಸಂಶೋಧನೆ ನಡೆಯುತ್ತಿದೆ)’. ಅದರ ಸುತ್ತ ಒಳ್ಳೆ ಗುಂಪು ಸೇರಿತ್ತು. ಒಬ್ಬರು ‘ವಿಜಯನಗರ ಕಾಲದ್ದಾ ಅಂತ’ ಅಂದರು. ಇನ್ನೊಬ್ಬರು ಕೆಳದಿ ಅಂದರು. ಉಳಿದವರು ಸುಮ್ಮನೆ ನೋಡುತ್ತಿದ್ದರು. ಜಾಸ್ತಿಯೇ ಸುಮ್ಮನಿದ್ದರು.

ದೊಡ್ಡಮ್ಮ ಗಾಜಿನ ಮೇಲೆ ಬಗ್ಗಿದರು. ‘ಇದು ಬೀಡಿ ಎಲೆ ಕತ್ತರಿಸುವ ತಗಡಲ್ವಾ?’ ಅಂದರು, ಊರಿಗೆಲ್ಲ ಕೇಳುವ ಹಾಗೆ.

ಎಲೆಯ ಮೇಲೆ ಈ ತಗಡು ಇಡಬೇಕು, ಸುತ್ತ ಕತ್ತರಿ ಓಡಿಸಬೇಕು. ಎಲ್ಲ ಎಲೆ ಒಂದೇ ಅಳತೆಗೆ ಬರುತ್ತದೆ. ಆಮೇಲೆ ಹೊಗೆಸೊಪ್ಪು, ಸುರುಳಿ, ನೂಲು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ನಮ್ಮ ಎರಡು ಜಿಲ್ಲೆಯ ಹೆಂಗಸರು ದುಡಿದ ದುಡ್ಡಿನಲ್ಲಿ ಎಷ್ಟು ಮಕ್ಕಳ ಶಾಲೆ ಫೀಸು ಹೋಗಿದೆ ಅಂತ ನಾನು ಹೇಳಬೇಕಾಗಿಲ್ಲ. ಆ ಗುಂಪಿನಲ್ಲಿ ಸೂಟು ಹಾಕಿದ ನಾಲ್ಕೈದು ಜನ ಇದ್ದರು. ಒಬ್ಬರಿಗೆ ದುಬೈಯಲ್ಲಿ ಹೋಟೆಲ್, ಒಬ್ಬರು ಇಂಜಿನಿಯರು. ನನಗೆ ಖಾತ್ರಿ ಉಂಟು, ತಗಡಿನ ಗುರುತು ಅವರಿಗೆ ದೂರದಿಂದಲೇ ಸಿಕ್ಕಿತ್ತು. ನನಗೂ ಸಿಕ್ಕಿತ್ತು. ದೊಡ್ಡಮ್ಮ ಹೇಳುವವರೆಗೆ ನಾನೂ ಕೆಳದಿ ಇರಬಹುದು ಅಂತ ತಲೆ ಆಡಿಸುತ್ತಿದ್ದೆ.

ಮ್ಯಾನೇಜರ್ ಬಂದ. ಒಳ್ಳೆ ಹುಡುಗ, ಪಾಪ, ಟೈ ಕಟ್ಟಿದ್ದ.

‘ಆಂಟಿ, ಅದು ರಾಜಮುದ್ರೆ. ಡಿಸೈನರ್ ಬೆಂಗಳೂರಿನಿಂದ ಬಂದು ಬರೆದದ್ದು.’

‘ನಮ್ಮಲ್ಲಿ ಇನ್ನೂ ಎರಡು ರಾಜಮುದ್ರೆ ಉಂಟು ಮಗ, ಬೇಕಾದರೆ ಕೊಡುತ್ತೇನೆ’ ಅಂದರು ದೊಡ್ಡಮ್ಮ. ‘ಒಂದನ್ನು ಕಿಟಕಿ ಅಲ್ಲಾಡದ ಹಾಗೆ ಸಿಕ್ಕಿಸಿದ್ದೇನೆ.’

ಸರಿಯಾಗಿ ಮಾಡಿದವರು ನಮ್ಮಲ್ಲಿ ಇಲ್ಲ ಅಂತಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಬಿ.ಸಿ.ರೋಡಿನಲ್ಲಿ ತುಕಾರಾಮ ಪೂಜಾರಿ ಅವರು ತುಳುವರ ಬದುಕಿನ ಸಾಮಾನನ್ನು ಗುಡ್ಡೆ ಹಾಕಿ ಕಾಪಾಡಿದ್ದಾರೆ. ಹೋಗಿ ನೋಡಿಬಂದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಡಿಸೈನರಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಕೇಳುವುದಾದರೆ ಹಾಲ್ ಗುಡಿಸುವ ಹೆಂಗಸರನ್ನೇ ಕೇಳಬಹುದಿತ್ತು. ದಿನಾ ಬೆಳಿಗ್ಗೆ ಆ ರಾಜಮುದ್ರೆಯ ಗಾಜು ಒರೆಸುವವರು ಅವರೇ. ಒರೆಸುವಾಗ ನಗುತ್ತಾರೋ ಇಲ್ಲವೋ ನಾನು ನೋಡಿಲ್ಲ.

ಇಷ್ಟರಲ್ಲಿ ದೊಡ್ಡ ಮಾವ ಊಟ ಮುಗಿಸಿ ಬಂದರು. ಅವರಿಗೆ ಊಟದ ಮೇಲೆ ಎಲೆಯಡಿಕೆ ಆಗಲೇಬೇಕು. ಕೆನ್ನೆ ಉಬ್ಬಿತ್ತು. ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅತ್ತ ನೋಡಿದರು, ಇತ್ತ ನೋಡಿದರು. ಹೊರಗೆಲ್ಲ ಟೈಲ್ಸ್, ಬಾಗಿಲಿನ ಹತ್ತಿರ ‘ಉಗುಳಿದರೆ ದಂಡ’ ಅಂತ ಬೋರ್ಡು. ಕೈಸನ್ನೆಯಲ್ಲಿ ನನ್ನನ್ನು ಕೇಳಿದರು. ನಾನು ವಾಶ್‌ಬೇಸಿನ್ ತೋರಿಸಿದೆ. ಅಲ್ಲಿ ಕ್ಯೂ ಇತ್ತು.

ಅಷ್ಟರಲ್ಲಿ ಅವರ ಕಣ್ಣು ಹೆರಿಟೇಜ್ ಕಾರ್ನರಿನ ನಟ್ಟನಡುವೆ ಬಿತ್ತು. ಅಲ್ಲಿ ಮೇಜಿನ ಮೇಲೆ ಹೊಳೆಯುವ ಒಂದು ಹಿತ್ತಾಳೆ ಪಾತ್ರೆ. ಅಗಲ ಬಾಯಿ, ಸಣ್ಣ ಸೊಂಟ, ದುಂಡು ಹೊಟ್ಟೆ. ಅದರಲ್ಲಿ ಹನ್ನೆರಡು ಕೆಂಪು ಗುಲಾಬಿ. ಚೀಟಿಯಲ್ಲಿ ‘ಪಟ್ಟದ ರಾಣಿಯ ಹೂದಾನಿ’.

ಮಾವನ ಮುಖ ಅರಳಿತು. ನೆಟ್ಟಗೆ ಹೋದರು. ಗುಲಾಬಿಗಳನ್ನು ಒಟ್ಟಾಗಿ ಎತ್ತಿ, ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯ ಕೈಗೆ ಮರ್ಯಾದೆಯಿಂದ ಕೊಟ್ಟರು. ಬಗ್ಗಿದರು. ಒಂದು ಹನಿ ಆಚೆ ಈಚೆ ಬೀಳಲಿಲ್ಲ. ಬಾಯಿ ಒರೆಸಿಕೊಂಡು, ಹುಡುಗಿಯಿಂದ ಹೂ ವಾಪಸು ತೆಗೆದುಕೊಂಡು ಮೊದಲಿದ್ದ ಹಾಗೆಯೇ ಇಟ್ಟರು.

ಮ್ಯಾನೇಜರ್ ಓಡಿ ಬಂದ. ‘ಅಂಕಲ್! ಅದು ಆಂಟಿಕ್!’

‘ಹೌದು, ಒಳ್ಳೆ ಪೀಕದಾನಿ’ ಅಂದರು ಮಾವ. ‘ಈಗ ಇಂಥದ್ದು ಎಲ್ಲೂ ಸಿಗುವುದಿಲ್ಲ. ಊಟದ ಹಾಲ್‌ನಲ್ಲಿಯೂ ಒಂದು ಇಡಿ ಮಾರ್ರೆ, ಅಲ್ಲಿಂದ ಇಲ್ಲಿಗೆ ಬರುವುದು ಕಷ್ಟ.’

ಮರುವಾರ ಭಾವ ಹಾಲ್‌ನ ಬಿಲ್ ತೋರಿಸಿದರು. ಎಸಿ, ಜನರೇಟರ್, ಕುರ್ಚಿ, ಎಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲು: ‘ಹೂದಾನಿ ತೊಳೆದದ್ದು, 500 ರೂಪಾಯಿ’.