ಸೈಕಲ್ಲಿಗೊಂದು ಸೀಟು

ಸೈಕಲ್ ಹತ್ತುವವನಿಗೆ ಟೈಮ್ ಟೇಬಲ್ ಬೇಡ, ಪ್ಲಾಟ್‌ಫಾರ್ಮ್ ಬೇಡ. ಹೊರಡಬೇಕು ಅನ್ನಿಸಿದಾಗ ಹೊರಟ, ನಿಲ್ಲಬೇಕು ಅನ್ನಿಸಿದಾಗ ನಿಂತ. ಇಂಥ ಸ್ವತಂತ್ರ ಪ್ರಾಣಿಯನ್ನು ರೈಲಿಗೆ ಹತ್ತಿಸಲು ಹೋದಾಗ ನೋಡಬೇಕು ಮಜಾ. ರೈಲ್ವೆಯವರಿಗೆ ಗೊತ್ತಿರುವುದು ಮೂರೇ ಬಗೆ: ಪ್ರಯಾಣಿಕ, ಲಗೇಜು, ಪಾರ್ಸೆಲ್ಲು. ಸೈಕಲ್ಲು ಇದರಲ್ಲಿ ಯಾವುದು? ಪ್ರಯಾಣಿಕ ಅನ್ನೋಣ ಅಂದರೆ ಅದಕ್ಕೆ ಕೂರಲು ಬರುವುದಿಲ್ಲ. ಲಗೇಜು ಅನ್ನೋಣ ಅಂದರೆ ಸೀಟಿನ ಕೆಳಗೆ ಹೋಗುವುದಿಲ್ಲ. ಪಾರ್ಸೆಲ್ಲು ಅನ್ನೋಣ ಅಂದರೆ ಅದರ ಯಜಮಾನ ಹೆಲ್ಮೆಟ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಾನೆ. ನೂರು ವರ್ಷದ ಮೇಲಾಯಿತು, ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಅಷ್ಟೆಲ್ಲ ತಾಪತ್ರಯ ಯಾಕೆ, ತುಳಿದುಕೊಂಡೇ ಹೋಗಬಾರದೇ ಅಂತ ಕೇಳುವವರಿದ್ದಾರೆ. ಅವರಿಗೆ ಸಿಕ್ಕಷ್ಟು ರಜೆ ನಮಗೆ ಸಿಗುವುದಿಲ್ಲ, ಅಷ್ಟೇ. ಇನ್ನೊಂದು ಕಾರಣವೂ ಇದೆ. ಸೈಕಲ್ ಪ್ರವಾಸದ ಅರ್ಧ ಸುಖ ಇರುವುದು ಬಂದ ದಾರಿಯಲ್ಲೇ ವಾಪಸ್ ತುಳಿಯದೇ ಇರುವುದರಲ್ಲಿ. ಜರ್ಮನಿಯ ಪಸ್ಸೌನಿಂದ ಆಸ್ಟ್ರಿಯಾದ ವಿಯೆನ್ನಾ ತನಕ ಡ್ಯಾನ್ಯೂಬ್ ದಂಡೆಯ ಮೇಲೆ ಸುಮಾರು 300 ಕಿಲೋಮೀಟರ್ ಸೈಕಲ್ ದಾರಿಯಿದೆ. ಹೊಳೆ ಪೂರ್ವಕ್ಕೆ ಹರಿಯುತ್ತದೆ. ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದಲೇ ಬೀಸುತ್ತದೆ. ಹಾಗಾಗಿ ಬುದ್ಧಿಯಿದ್ದವರೆಲ್ಲ ಪೂರ್ವಕ್ಕೇ ತುಳಿಯುತ್ತಾರೆ. ಆದರೂ ವಿಯೆನ್ನಾದಲ್ಲಿ ಸೈಕಲ್ಲುಗಳು ಗುಡ್ಡೆ ಬಿದ್ದಿಲ್ಲ ಅಂದರೆ ಅದಕ್ಕೆ ರೈಲೇ ಕಾರಣ.

ಮೊದಲು ಇಷ್ಟು ಕಷ್ಟ ಇರಲಿಲ್ಲ. ಬ್ರಿಟನ್ನಿನಲ್ಲಿ ಸೈಕಲ್ ಪ್ರವಾಸಿಗಳು 1878ರಲ್ಲೇ ಸಂಘ ಕಟ್ಟಿಕೊಂಡಿದ್ದರು. ಆಗಿನ ಸೈಕಲ್ಲಿಗೆ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ. ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಅನ್ನುವ ಸೈಕಲ್ಲು ಬಂದದ್ದು 1885ರಲ್ಲಿ. ಚಕ್ರಗಳು ಹೆಚ್ಚುಕಡಿಮೆ ಸಮ ಆಗಿ, ಹಿಂದಿನದಕ್ಕೆ ಚೈನು ಇರುವುದು ವಾಡಿಕೆಯಾದದ್ದು ಆ ಮಾದರಿಯಿಂದ. ಅದಕ್ಕೂ ಮುಂಚೆ ಆ ಎತ್ತರದ ಚಕ್ರವನ್ನು ರೈಲಿನ ಬಾಗಿಲಲ್ಲಿ ತೂರಿಸಿದವರನ್ನು ನೆನೆದರೆ ನಮ್ಮದು ಕಷ್ಟವೇ ಅಲ್ಲ. ಆದರೆ ಅವರಿಗೊಂದು ಅನುಕೂಲ ಇತ್ತು. ರೈಲಿಗೆ ಗಾರ್ಡ್ ಡಬ್ಬಿ ಅಂತ ಒಂದಿರುತ್ತಿತ್ತು. ಟಪಾಲಿನ ಮೂಟೆ, ಪೇಪರ್ ಕಟ್ಟು, ಪೆಟ್ಟಿಗೆ, ಬುಟ್ಟಿ ಎಲ್ಲ ಅಲ್ಲಿಗೇ. ಅದರ ನಡುವೆ ಸೈಕಲ್ಲನ್ನೂ ಒರಗಿಸಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಆಮೇಲೆ ಟಪಾಲು ಲಾರಿ ಹತ್ತಿತು, ವಿಮಾನ ಹತ್ತಿತು. ರೈಲುಗಳೂ ಬದಲಾದವು. ಎಂಜಿನ್ ಬಿಚ್ಚುವುದು, ಡಬ್ಬಿ ಸೇರಿಸುವುದು ಎಲ್ಲ ಹೋಗಿ, ಎರಡೂ ತುದಿಗೆ ಚಾಲಕನ ಕೋಣೆ, ನೆಲದಡಿ ಮೋಟಾರು, ನಡುವೆ ಬರೀ ಸೀಟು ಅಂತಾಯಿತು. ಸೈಕಲ್ಲನ್ನು ಹೊರಗಟ್ಟಬೇಕು ಅಂತ ಯಾರೂ ಹಟ ಹಿಡಿದದ್ದಲ್ಲ. ಅದು ಟಪಾಲಿನ ಮರೆಯಲ್ಲಿ ಬಿಟ್ಟಿ ಬದುಕು ಮಾಡಿಕೊಂಡಿತ್ತು. ಟಪಾಲು ಮನೆ ಖಾಲಿ ಮಾಡಿದಾಗ ಇದೂ ಬೀದಿಗೆ ಬಂತು. ಒಂದು ವಿಚಿತ್ರ ನೋಡಿ, ರೈಲು ವೇಗವಾದಷ್ಟೂ ಸೈಕಲ್ಲಿನ ಮೇಲೆ ಅದಕ್ಕೆ ಅಸಡ್ಡೆ ಜಾಸ್ತಿ. ಕೋಪನ್‌ಹೇಗನ್ನಿನ ಲೋಕಲ್ ರೈಲಿನಲ್ಲಿ 2010ರಿಂದ ಸೈಕಲ್ಲಿಗೆ ಕಾಸೇ ಇಲ್ಲ. ಜರ್ಮನಿಯ ವೇಗದ ಐಸಿಇ ರೈಲು ಶುರುವಾದದ್ದು 1991ರಲ್ಲಿ. ಸೈಕಲ್ಲಿಗೆ ಅಂತಲೇ ಜಾಗ ಇಟ್ಟುಕೊಂಡ ಐಸಿಇ 4 ಓಡಾಟಕ್ಕೆ ಬಂದದ್ದು 2017ರ ಕೊನೆಗೆ. ನೂರಾರು ಸೀಟಿನ ಆ ರೈಲಿನಲ್ಲಿ ಸೈಕಲ್ಲಿಗೆ 8 ಜಾಗ. ಮೊದಲೇ ಕಾದಿರಿಸಬೇಕು. ಆದರೆ ಕಾದಿರಿಸಿದ ಮೇಲೆ ಗತ್ತೇ ಬೇರೆ. ಸೈಕಲ್ಲಿಗೆ ಅದರದೇ ಟಿಕೆಟ್ಟು, ಅದರದೇ ಸೀಟ್ ನಂಬರು. ಅಲ್ಲಿ ಅದು ಪ್ರಯಾಣಿಕ.

ಭಾರತದ ರೈಲಿನಲ್ಲಿ ಅದು ಸಾಮಾನು. ಪಾರ್ಸೆಲ್ ಆಫೀಸಿಗೆ ಹೋಗಿ, ಚೀಟಿ ಅಂಟಿಸಿ, ಸಾಮಾನು ತುಂಬುವ ಡಬ್ಬಿಗೆ, ಅಂದರೆ ಬ್ರೇಕ್ ವ್ಯಾನಿಗೆ ಒಪ್ಪಿಸಬೇಕು. ನಿಮ್ಮ ಟಿಕೆಟ್ ಮೇಲೆ ಲಗೇಜು ಅಂತ ಬುಕ್ ಮಾಡಿದರೆ ನಿಮ್ಮ ರೈಲಿನಲ್ಲೇ ಬರುತ್ತದೆ. ಬರೀ ಪಾರ್ಸೆಲ್ ಅಂತ ಕೊಟ್ಟರೆ ಅದರ ಪ್ರಯಾಣ ಅದರದ್ದು, ನಿಮ್ಮದು ನಿಮ್ಮದು. ದೊಡ್ಡ ಸ್ಟೇಷನ್ ಬಂದಾಗಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ, ನಮ್ಮದನ್ನು ಇಲ್ಲೇ ಇಳಿಸಿಬಿಟ್ಟರೇನೋ ಅಂತ ರೈಲಿನ ತುದಿ ಕಡೆ ಇಣುಕುವವರನ್ನು ಕಂಡರೆ ನಗಬೇಡಿ. ಮಗಳನ್ನು ಮೊದಲ ಸಲ ಹಾಸ್ಟೆಲ್ಲಿಗೆ ಬಿಟ್ಟುಬಂದ ತಂದೆಯ ಕಳವಳ ಅದು.

ಜಪಾನಿನವರದು ನನಗೆ ಬಹಳ ಹಿಡಿಸಿದ ಉಪಾಯ. ಸೈಕಲ್ಲನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ, ಆಗ ಅದು ಸೈಕಲ್ಲೇ ಅಲ್ಲ, ಕೈಚೀಲ. ಬಹಳ ರೈಲುಗಳಲ್ಲಿ ಅದಕ್ಕೆ ಬೇರೆ ದುಡ್ಡೂ ಇಲ್ಲ. ಷರತ್ತು ಒಂದೇ, ಸೈಕಲ್ಲು ಪೂರ್ತಿ ಒಳಗಿರಬೇಕು. ಸೀಟು ಒಂದಿಷ್ಟು ಹೊರಗೆ ಇಣುಕಿದರೂ ತಕರಾರು. ಉದ್ದ, ಅಗಲ, ಎತ್ತರ ಮೂರೂ ಸೇರಿ 250 ಸೆಂಟಿಮೀಟರ್ ದಾಟಬಾರದು, ತೂಕ 30 ಕಿಲೋ ಒಳಗಿರಬೇಕು. ಒಳಗೇನಿದೆ ಅಂತ ಎಲ್ಲರಿಗೂ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾರೆ. ಇಷ್ಟು ಸಭ್ಯವಾದ ನಾಟಕ ಬೇರೆಲ್ಲೂ ಇಲ್ಲ.

ಆದರೆ ಬಿಚ್ಚುವುದು ಹೇಳಿದಷ್ಟು ಸುಲಭ ಅಲ್ಲ. ಎರಡೂ ಚಕ್ರ ತೆಗೆದು, ಫ್ರೇಮಿನ ಆ ಕಡೆ ಒಂದು, ಈ ಕಡೆ ಒಂದು ಇಟ್ಟು ಪಟ್ಟಿಯಿಂದ ಬಿಗಿಯಬೇಕು. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ನಡುವೆ ಒಂದು ತುಂಡು ಪ್ಲಾಸ್ಟಿಕ್ಕೋ ರಟ್ಟೋ ಸಿಕ್ಕಿಸಬೇಕು. ಇಲ್ಲದಿದ್ದರೆ ದಾರಿಯಲ್ಲಿ ಯಾರದೋ ಕೈ ತಾಗಿ ಬ್ರೇಕ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಕಚ್ಚಿಕೊಂಡು, ಚಕ್ರ ವಾಪಸ್ ಒಳಗೆ ಹೋಗುವುದಿಲ್ಲ. ಪೆಡಲ್ಲಿನದು ಇನ್ನೊಂದು ಕಥೆ. ಎಡಗಡೆಯದಕ್ಕೆ ಥ್ರೆಡ್ ಉಲ್ಟಾ. ಎಡ-ಬಲ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ, ಸ್ಪ್ಯಾನರನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಎಲ್ಲಕ್ಕಿಂತ ನಾಜೂಕು ಅಂದರೆ ಗೇರ್ ನೇತಾಡುವ ಹ್ಯಾಂಗರ್. ಪೆಟ್ಟು ಬಿದ್ದರೆ ಫ್ರೇಮ್ ಉಳಿಯಲಿ, ತಾನು ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದು ಒಂಚೂರು ಬಗ್ಗಿದರೂ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಮೊದಲನೇ ಏರಿನಲ್ಲಿ, ಹಗುರ ಗೇರಿಗೆ ಹಾಕಿದಾಗ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೈಲರ್ ಇಡಿಯಾಗಿ ಹಿಂದಿನ ಚಕ್ರದ ಕಡ್ಡಿಗಳೊಳಗೆ ನುಗ್ಗಿದ ಮೇಲೆ. ಅದಕ್ಕೇ ತಿಳಿದವರು ಡಿರೈಲರ್ ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನೊಳಗೆ ಕಟ್ಟುತ್ತಾರೆ. ಅಥವಾ ಒಂದು ಹೊಸ ಹ್ಯಾಂಗರ್ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಇಟ್ಟುಕೊಂಡವರಿಗೆ ಅದು ಬೇಕಾಗುವುದೇ ಇಲ್ಲ, ಅದು ಬೇರೆ ಮಾತು.

ಬಿಚ್ಚದೆ ಹತ್ತಿಸುವ ರೈಲಿನಲ್ಲಿ ಪರೀಕ್ಷೆ ನಡೆಯುವುದು ಪ್ಲಾಟ್‌ಫಾರ್ಮಿನ ಮೇಲೆ. ಸೈಕಲ್ ಡಬ್ಬಿ ಮುಂದಿದೆ ಅಂತ ಬೋರ್ಡಿನಲ್ಲಿ ಇರುತ್ತದೆ. ರೈಲು ಹಿಂದುಮುಂದಾಗಿ ಬರುತ್ತದೆ. ನಿಲ್ಲುವುದು ಎರಡೋ ಮೂರೋ ನಿಮಿಷ. ನಾಲ್ಕು ಬ್ಯಾಗು ನೇತುಹಾಕಿಕೊಂಡ ಸೈಕಲ್ಲು ತಳ್ಳಿಕೊಂಡು, ಟ್ರಾಲಿ ಸೂಟ್‌ಕೇಸುಗಳ ನಡುವೆ ಆ ತುದಿಯಿಂದ ಈ ತುದಿಗೆ ಓಡುವವರನ್ನು ನೋಡಿ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಬಾಗಿಲ ಹತ್ತಿರ ಬಂದ ಮೇಲೆ ಬ್ಯಾಗು ಕಳಚಬೇಕು, ಮೆಟ್ಟಿಲ ಮೇಲೆ ಎತ್ತಬೇಕು. ಒಳಗೆ ಕೊಕ್ಕೆ. ಮುಂದಿನ ಚಕ್ರ ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ನೆಟ್ಟಗೆ ನೇತುಹಾಕಬೇಕು. ಈ ಕೊಕ್ಕೆ ಕಂಡುಹಿಡಿದವರ ಎತ್ತರ ಆರಡಿ ಮೇಲೆ, ಅವರ ಸೈಕಲ್ಲಿನ ಟೈರು ಸಪೂರ, ಅದಕ್ಕೆ ಮಡ್‌ಗಾರ್ಡ್ ಇರಲಿಲ್ಲ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಕೊಕ್ಕೆಗಿಂತ ನೆಲದ ಮೇಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸುವ ಜಾಗವೇ ವಾಸಿ. ಅಲ್ಲಿ ಮಾತು ಹುಟ್ಟುತ್ತದೆ. ಯಾಕೆಂದರೆ ಮೊದಲು ಇಳಿಯುವವರ ಸೈಕಲ್ಲು ಹೊರಗಡೆ ಇರಬೇಕು, ಕೊನೆಗೆ ಇಳಿಯುವವರದು ಗೋಡೆಗೆ. ಹಾಗಾಗಿ ಹತ್ತಿದವರು ನಮಸ್ಕಾರ ಹೇಳುವ ಮುಂಚೆಯೇ ಎಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಾರೆ. ಬೇರೆ ಕಡೆ ಅಪರಿಚಿತರು ಹೀಗೆ ಕೇಳಿದರೆ ಮುಖ ತಿರುಗಿಸುವವರೂ ಇಲ್ಲಿ ವಿವರವಾಗಿ ಹೇಳುತ್ತಾರೆ. ಎಲ್ಲಿಂದ ಎಲ್ಲಿಗೆ, ಎಷ್ಟು ದಿನ, ಯಾವ ಘಾಟಿ, ಎಂಥ ಗಾಳಿ. ಭಾಷೆ ಬಾರದಿದ್ದರೂ ಪರವಾಗಿಲ್ಲ, ನಕ್ಷೆ ಬಿಡಿಸಿ ಬೆರಳಿಟ್ಟರೆ ಸಾಕು. ಇಷ್ಟಾದರೂ ಎಲ್ಲರ ಹ್ಯಾಂಡಲ್ಲೂ ಒಂದರೊಳಗೊಂದು ಸಿಕ್ಕಿಕೊಂಡೇ ಇರುತ್ತದೆ. ಒಬ್ಬರು ಇಳಿಯಬೇಕಾದರೆ ಐದು ಜನ ಏಳಬೇಕು.

ಈ ಗದ್ದಲವನ್ನೆಲ್ಲ ಮುಗುಳ್ನಗುತ್ತಾ ನೋಡುವವರು ಮಡಚುವ ಸೈಕಲ್ಲಿನವರು. ಚಿಕ್ಕ ಚಕ್ರ, ಮೂರು ಮಡಿಕೆ, ಸೂಟ್‌ಕೇಸಿನ ಗಾತ್ರ. ಬಹಳಷ್ಟು ದೇಶಗಳಲ್ಲಿ ಟಿಕೆಟ್ಟೂ ಇಲ್ಲ, ಕಾದಿರಿಸುವುದೂ ಇಲ್ಲ. ಅವರ ಬಗ್ಗೆ ನಮ್ಮಂಥವರಿಗೆ ಸ್ವಲ್ಪ ಹೊಟ್ಟೆಯುರಿ ಇದ್ದದ್ದೇ. ಅದು ಘಾಟಿ ಇಳಿಯುವಾಗ, ಚಿಕ್ಕ ಚಕ್ರ ಪ್ರತಿ ಗುಂಡಿಯನ್ನೂ ಸವಾರನಿಗೆ ವರದಿ ಮಾಡುವಾಗ, ತುಸು ಶಮನ ಆಗುತ್ತದೆ.

ಈಗ ಕಾನೂನೂ ನಮ್ಮ ಕಡೆ ಸ್ವಲ್ಪ ವಾಲಿದೆ. ರೈಲು ಪ್ರಯಾಣಿಕರ ಹಕ್ಕುಗಳ ಬಗ್ಗೆ ಯುರೋಪಿಯನ್ ಒಕ್ಕೂಟ 2021ರಲ್ಲಿ ನಿಯಮ ತಂದಿತು. ಹೊಸದಾಗಿ ಕೊಳ್ಳುವ ರೈಲುಗಳಲ್ಲಿ ಸೈಕಲ್ಲಿಗೆ ತಕ್ಕಷ್ಟು ಜಾಗ ಇರಬೇಕು, ಬೇರೆ ಲೆಕ್ಕ ಹಾಕಿಲ್ಲದ ಕಡೆ ರೈಲೊಂದಕ್ಕೆ ಕನಿಷ್ಠ 4 ಅಂತ ಅದರಲ್ಲಿದೆ. ಟಪಾಲಿನ ಹಂಗಿಲ್ಲದೆ ಸ್ವಂತ ಹೆಸರಲ್ಲಿ ಸಿಕ್ಕಿದ ಜಾಗ ಅದು, ಸಣ್ಣ ವಿಷಯ ಅಲ್ಲ. ಆದರೆ ನಾಲ್ಕು! ಅಪ್ಪ, ಅಮ್ಮ, ಇಬ್ಬರು ಮಕ್ಕಳು ರಜೆಗೆ ಹೊರಟರೆ ಮುಗಿಯಿತು, ಆ ರೈಲು ಭರ್ತಿ. ಜತೆಗೆ ಚಿಕ್ಕಪ್ಪನೂ ಬರುತ್ತೇನೆ ಅಂದರೆ, ಅವರು ಮಡಚುವ ಸೈಕಲ್ಲೇ ಕೊಳ್ಳಬೇಕು.