ಅಮೆರಿಕ ಒಂದು ಗೇಣು

ಅಕ್ಕನ ಮಗಳು ನ್ಯೂಯಾರ್ಕಿಗೆ ಹೊರಡುವ ಮೊದಲು ಬದಿಯಡ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ಊಟ ಮುಗಿದು, ಎಲೆಯಡಿಕೆಯ ಹರಿವಾಣ ಚಾವಡಿಯಲ್ಲಿ ಒಂದು ಸುತ್ತು ಬಂದ ಮೇಲೆ ದೊಡ್ಡಪ್ಪ ನನ್ನತ್ತ ತಿರುಗಿ, "ಮಂಗಳೂರಿನಿಂದ ಅಲ್ಲಿಗೆ ಎಷ್ಟು ಹರದಾರಿ ಮಾರಾಯ?" ಎಂದು ಕೇಳಿದರು. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಮೊಬೈಲನ್ನು ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಮೂವತ್ತು ವರ್ಷ ಮಕ್ಕಳಿಗೆ ತ್ರಿಕೋನಮಿತಿ ಕಲಿಸಿದವನು ನೆಂಟರಿಷ್ಟರ ಎದುರು ಹಾಗೆ ಮಾಡಿದರೆ ಮರ್ಯಾದೆಯ ಪ್ರಶ್ನೆ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನಷ್ಟೇ ಮೊಬೈಲಿನಿಂದ ಇಳಿಸಿಕೊಂಡು, ಪೂಜೆಯ ಸಾಮಾನಿನ ಚೀಟಿಯ ಬೆನ್ನಿನ ಮೇಲೆ ಲೆಕ್ಕಕ್ಕೆ ಕುಳಿತೆ.

ಮಂಗಳೂರು 12.96 ಉತ್ತರ, 74.89 ಪೂರ್ವ. ನ್ಯೂಯಾರ್ಕಿನ ಕೆನಡಿ ನಿಲ್ದಾಣ 40.64 ಉತ್ತರ, 73.78 ಪಶ್ಚಿಮ, ಪಶ್ಚಿಮವಾದ್ದರಿಂದ ಅದರ ಮುಂದೆ ಋಣ ಚಿಹ್ನೆ. ಇವನ್ನು ಹ್ಯಾವರ್‌ಸೈನ್ ಸೂತ್ರಕ್ಕೆ ಹಾಕಿ, ಬಂದ ಕೋನವನ್ನು ರೇಡಿಯನ್ನಿಗೆ ತಿರುಗಿಸಿ ಭೂಮಿಯ ತ್ರಿಜ್ಯವಾದ 6,371 ಕಿಲೋಮೀಟರಿನಿಂದ ಗುಣಿಸಿದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿ ಸಿಗುತ್ತದೆ. ಕ್ಯಾಲ್ಕುಲೇಟರಿನ ಡಿಗ್ರಿ, ರೇಡಿಯನ್ ಗುಂಡಿಯನ್ನು ಎರಡೆರಡು ಸಲ ನೋಡಿಕೊಂಡೆ, ಏಕೆಂದರೆ ನನ್ನ ವಿದ್ಯಾರ್ಥಿಗಳು ಜಾರಿ ಬೀಳುತ್ತಿದ್ದದ್ದು ಅಲ್ಲಿಯೇ. ಉತ್ತರ 3,080 ಕಿಲೋಮೀಟರ್ ಎಂದು ಬಂತು. ಸುಮಾರು 640 ಹರದಾರಿ ಎಂದು ಗಂಭೀರವಾಗಿ ಘೋಷಿಸಿದೆ.

ಹದಿನೆಂಟು ವರ್ಷ ದುಬೈಯಲ್ಲಿದ್ದು ಬಂದ ಭಾವನಿಗೆ ಬಾಯಲ್ಲಿದ್ದ ರಸವನ್ನು ಉಗುಳಿ ಬರುವಷ್ಟೂ ತಾಳ್ಮೆ ಉಳಿಯಲಿಲ್ಲ. ಮಂಗಳೂರಿನಿಂದ ದುಬೈಗೇ 2,460 ಕಿಲೋಮೀಟರ್, ಮೂರೂವರೆ ಗಂಟೆಯ ಹಾರಾಟ. ಅಮೆರಿಕ ಅಲ್ಲಿಂದ ಒಂದು ಗಂಟೆಯ ದಾರಿಯೇ ಎಂಬುದು ಅವನ ಆಕ್ಷೇಪ. ದೊಡ್ಡಪ್ಪನಿಗೆ ಮಾತ್ರ ನನ್ನ ಉತ್ತರ ಬಹಳ ಹಿಡಿಸಿತ್ತು. "ಅಷ್ಟು ಹತ್ತಿರವಾದರೆ ಅಷ್ಟಮಿಗೆ ಬಂದು ಹೋಗಬಹುದಲ್ಲ?" ಎಂದು ಹುಡುಗಿಯನ್ನು ವಿಚಾರಿಸತೊಡಗಿದರು.

ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದಾಗ ತಪ್ಪು ಸಿಕ್ಕಿತು. ನಾನೇ ಬರೆದಿದ್ದ ಋಣ ಚಿಹ್ನೆಯನ್ನು, ಕಾಗದಕ್ಕೆ ಅಲ್ಲಲ್ಲಿ ಹತ್ತಿದ್ದ ಅರಶಿನದ ಗೆರೆಗಳಲ್ಲಿ ಒಂದೆಂದು ತಿಳಿದು ಬಿಟ್ಟುಬಿಟ್ಟಿದ್ದೆ. ಆ ಪುಟ್ಟ ಗೆರೆ ಹೋದ ಕೂಡಲೇ ಪಶ್ಚಿಮದ 73.78 ಪೂರ್ವಕ್ಕೆ ಬಂದು, ಮಂಗಳೂರಿನ ನೇರ ಉತ್ತರಕ್ಕೆ, ಕಿರ್ಗಿಸ್ತಾನದ ಬೆಟ್ಟಗಳ ನಡುವೆ ನ್ಯೂಯಾರ್ಕ್ ನಗರ ನೆಲೆಯಾಗಿತ್ತು. ಗೆರೆಯನ್ನು ಮರಳಿ ಸೇರಿಸಿದಾಗ ದೂರ 13,240 ಕಿಲೋಮೀಟರಿಗೆ ಏರಿತು, ಅಂದರೆ 2,740 ಹರದಾರಿ. ಆದರೆ ಒಮ್ಮೆ 640 ಎಂದವನ ಎರಡನೆಯ ಉತ್ತರವನ್ನು ಚಾವಡಿಯಲ್ಲಿ ಯಾರೂ ನಂಬುವ ಹಾಗಿರಲಿಲ್ಲ.

ಸಾಕ್ಷಿಗೆಂದು ಮಕ್ಕಳ ಕೋಣೆಯಿಂದ ಇಪ್ಪತ್ತು ಸೆಂಟಿಮೀಟರ್ ವ್ಯಾಸದ ಭೂಗೋಳವನ್ನು ತರಿಸಿ, ಮಲ್ಲಿಗೆ ಕಟ್ಟುತ್ತಿದ್ದ ಅತ್ತೆಯ ಕೈಯಿಂದ ಒಂದೆಳೆ ಬಾಳೆನಾರನ್ನು ಇಸಿದುಕೊಂಡೆ. ಮಂಗಳೂರಿನಿಂದ ನ್ಯೂಯಾರ್ಕಿಗೆ ಬಿಗಿಯಾಗಿ ಎಳೆದಾಗ ನಾರು ಅರಬಸ್ತಾನದ ಕಡೆಗೆ ಹೋಗದೆ, ಮೇಲಕ್ಕೇರಿ ರಷ್ಯಾ, ನಾರ್ವೆಗಳನ್ನು ದಾಟಿ ಆಚೆ ಇಳಿಯಿತು. ಗೋಡೆಯ ನಕಾಶೆಯನ್ನೇ ನಂಬಿದ್ದ ಭಾವ, ನಾನು ನಾರನ್ನು ಬೇಕೆಂದೇ ಸರಿಸಿದೆನೆಂದು ಮತ್ತೆ ತಕರಾರು ತೆಗೆದ. ಅವನೇ ಎಳೆದು ನೋಡಿದ. ನಾರು ಮತ್ತೆ ನಾರ್ವೆಗೇ ಹೋಯಿತು. ಅಳತೆ ಪಟ್ಟಿಯಲ್ಲಿ 21 ಸೆಂಟಿಮೀಟರ್. ಆ ಗೋಳದಲ್ಲಿ ಸೆಂಟಿಮೀಟರಿಗೆ ಸುಮಾರು 637 ಕಿಲೋಮೀಟರ್, ಆದ್ದರಿಂದ 13,377. ಬಾಳೆನಾರಿನ ಲೆಕ್ಕಕ್ಕೆ ನೂರು ಚಿಲ್ಲರೆ ಕಿಲೋಮೀಟರುಗಳ ವ್ಯತ್ಯಾಸ ದೊಡ್ಡದೇನಲ್ಲ ಎಂದು ನಾನು ಇನ್ನೂ ವಾದಿಸುತ್ತೇನೆ.

ದೊಡ್ಡಪ್ಪ ನಾರನ್ನು ತೆಗೆದುಕೊಂಡು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಬಿಡಿಸಿ ಅಳೆದರು. ಸರಿಯಾಗಿ ಒಂದು ಗೇಣು. "ಇಷ್ಟಕ್ಕೆ ಚೀಟಿಯೆಲ್ಲ ಗೀಚಿದೆಯಲ್ಲ!" ಎಂದು ಅದನ್ನು ಅತ್ತೆಗೆ ಮರಳಿಸಿದರು. ಒಂದು ಗೇಣು ನಾರಿನಲ್ಲಿ ಎಷ್ಟು ಹೂವು ಕಟ್ಟಲಾದೀತೆಂದು ಗೊಣಗಿದ ಅತ್ತೆ, ಅದರ ತುದಿಗೆ ಇನ್ನೊಂದು ಎಳೆಯನ್ನು ಗಂಟು ಹಾಕಿಕೊಂಡರು.